ಬಣ್ಣದ ಬೆಟ್ಟದ ಈಚೆ ಮಗ್ಗುಲು

ಕಣ್ಣಿಗೆ ಬೆಳಕನ್ನೂ ಬೆಳಕಿಗೆ ಬಣ್ಣವನ್ನೂ ಬಣ್ಣಕ್ಕೆ ಹೆಸರನ್ನೂ ಕೊಟ್ಟ ಶ್ರೀಹರಿಗೆ ಮೊದಲ ನಮಸ್ಕಾರ. ಎಪ್ಪತ್ತನಾಲ್ಕು ವರ್ಷ ಈ ದೇಹವನ್ನು ನಡೆಸಿಕೊಂಡು ಬಂದ ಆತನಿಗೆ, ಅಕ್ಷರ ತಿದ್ದಿಸಿದ ಗುರುಗಳಿಗೆ, ಅನ್ನವಿಕ್ಕಿದ ತಾಯಿಗೆ, ಪರದೇಶದ ಒಂದು ಬೆಟ್ಟದ ಮೇಲಿಂದ ನನ್ನನ್ನು ಇಳಿಸಿ ತಂದ ಹೆಗಲುಗಳಿಗೆ ನನ್ನ ಕೃತಜ್ಞತೆ. ಇಷ್ಟು ಹೇಳಿ ನಿಲ್ಲಿಸುತ್ತೇನೆ. ಹಿಂದೆಲ್ಲ ಇಂಥ ನಮಸ್ಕಾರದ ಕೊನೆಗೆ ಒಂದು ಬೇಡಿಕೆಯೂ ಇರುತ್ತಿತ್ತು. ಎರಡು ವರ್ಷಗಳಿಂದ ಅದನ್ನು ಬಿಟ್ಟಿದ್ದೇನೆ. ಏಕೆ ಬಿಟ್ಟೆನೆಂಬುದನ್ನು ಬರೆಯುವುದಕ್ಕೆಂದೇ ಈಗ ಕುಳಿತಿದ್ದೇನೆ.

ಇಂದು ಬೆಳಗ್ಗೆ ಜರ್ಮನಿಯ ಬೊಬ್ಲಿಂಗೆನ್ನಿನ ಈ ಮನೆಯಲ್ಲಿ ನನ್ನ ಮಗಳು ಸುಮಿತ್ರಾ ಧಪಾಟಿ ತಟ್ಟುತ್ತಿದ್ದಳು. ಜೋಳದ ಹಿಟ್ಟು, ಎಳ್ಳು, ಅಜವಾನ, ಮೆಂತ್ಯದ ಸೊಪ್ಪು ಕೂಡಿ ಹಂಚಿನ ಮೇಲೆ ಬೇಯುವ ವಾಸನೆ ನಾನು ಜಪಕ್ಕೆ ಕುಳಿತ ಕೋಣೆಯವರೆಗೆ ಬಂದಿತು. ಅವಳು ಈಗ ಅಡುಗೆಯನ್ನು ಕಿವಿಯಿಂದಲೂ ಬೆರಳ ತುದಿಯಿಂದಲೂ ಮಾಡುತ್ತಾಳೆ. ಪೂಜೆ ಮುಗಿಸಿ ಒಬ್ಬನೇ ಕುಳಿತು ಉಣ್ಣುವುದು ನನ್ನ ಹಳೆಯ ಪದ್ಧತಿಯಾದ್ದರಿಂದ ನನ್ನ ಪಾಲನ್ನು ಒಂದು ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿಟ್ಟಿರುತ್ತಾಳೆ. ನಾನು ಉಂಡು ಡಬ್ಬಿಯನ್ನು ಮರಳಿ ಕೊಟ್ಟಾಗ ಅದನ್ನು ತೊಳೆಯುವ ಮೊದಲು ಅಂಗೈಯಲ್ಲಿ ಒಮ್ಮೆ ಎತ್ತಿ ನೋಡುತ್ತಾಳೆ. ಆ ಎತ್ತಿ ನೋಡುವಿಕೆ ಎರಡು ವರ್ಷದ ಹಿಂದಿನ ಒಂದು ಶನಿವಾರದಿಂದ ಶುರುವಾದದ್ದು.

ಆ ವರ್ಷದ ವಸಂತದಲ್ಲಿ ಸುಮಿತ್ರಾ ಧಾರವಾಡಕ್ಕೆ ಫೋನು ಮಾಡಿ ತನ್ನ ಕಣ್ಣಿನ ವಿಷಯ ತಿಳಿಸಿದಳು. ಕಣ್ಣಿನ ಒಳಗಿನ ಪರದೆ ಅಂಚಿನಿಂದ ನಡುವಿನತ್ತ ಒಣಗುತ್ತ ಬರುವ ಕಾಯಿಲೆ, ಹುಟ್ಟಿನಿಂದಲೇ ಬಂದದ್ದು, ಅವಳಿಗೆ ಬಂದಿರುವ ಬಗೆಗೆ ಔಷಧವಿಲ್ಲ. ಇದನ್ನು ಅವಳು ಅಡುಗೆಯ ಅಳತೆ ಹೇಳುವಂತೆ ಒಂದೇ ಧ್ವನಿಯಲ್ಲಿ ಹೇಳಿದಳು. ಕೇಳಿದ ಕ್ಷಣ ನನಗೆ ನೆನಪಾದದ್ದು ನಲವತ್ತು ವರ್ಷದ ಹಿಂದಿನ ಒಂದು ಸಂಜೆ. ಯಾರದೋ ಮನೆಯ ಮುಂಜಿವೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಪಂಕ್ತಿ ಹಾಕಿದ್ದರು. ಏಳು ವರ್ಷದ ಈ ಹುಡುಗಿ ಬಡಿಸಿದ ಎಲೆಗಳ ಮೇಲೆಯೇ ನಡೆದುಬಂದಳು. ನಾನು ಎಲ್ಲರೆದುರು ಅವಳ ಬೆನ್ನಿಗೆ ಹೊಡೆದು, ಕಣ್ಣು ಎಲ್ಲಿಟ್ಟಿದ್ದೀಯೆಂದು ಕೇಳಿದ್ದೆ. ಮುಸ್ಸಂಜೆಯಾದರೆ ಅವಳಿಗೆ ನೆಲ ಕಾಣುತ್ತಿರಲಿಲ್ಲವೆಂಬುದನ್ನು ಜರ್ಮನಿಯ ವೈದ್ಯರು ಹೇಳಿ ನಾನು ತಿಳಿಯಬೇಕಾಯಿತು.

ಸುಮಿತ್ರಾ ಇಲ್ಲಿ ಕಾರು ತಯಾರಿಸುವ ಒಂದು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಎಂಜಿನಿಯರಾಗಿದ್ದಳು. ಬಾಗಿಲಿನ ಕೆಂಪೂ ಬಾನೆಟ್ಟಿನ ಕೆಂಪೂ ಒಂದೇ ಹೌದೋ ಅಲ್ಲವೋ ಎಂದು ಬೇರೆ ಬೇರೆ ಬೆಳಕಿನಡಿ ಹಿಡಿದು ನಿರ್ಣಯಿಸುವುದು ಅವಳ ಕೆಲಸ. ಚಿಕ್ಕವಳಿದ್ದಾಗ ನಾನು ಅವಳಿಗೆ ಕೋಶದಿಂದ ಬಣ್ಣದ ಶಬ್ದಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ: ಅರುಣ, ಶೋಣ, ಪಾಟಲ, ಪಿಶಂಗ, ಕಪಿಶ. ಕಾರ್ಖಾನೆಯಲ್ಲಿ ಬಣ್ಣಗಳಿಗೆ ಸಂಖ್ಯೆಗಳಿರುತ್ತವೆಂದು ಅವಳು ಮೊದಲ ವರ್ಷ ನಗುತ್ತ ಹೇಳಿದ್ದಳು.

ಚಾತುರ್ಮಾಸ್ಯ ತೊಡಗುವ ಮೊದಲು ನಾನು ಧಾರವಾಡದಲ್ಲಿ ಮನೆದೇವರ ಎದುರು ಸಂಕಲ್ಪ ಮಾಡಿದೆ: ಮಲಗಿದ ಹರಿ ಏಳುವ ತನಕ, ಬರುವ ಏಕಾದಶಿಗಳೆಲ್ಲ ನಿರ್ಜಲ, ಫಲ ಮಗಳ ದೃಷ್ಟಿಗೆ. ದಶಮಿಯ ಮಧ್ಯಾಹ್ನದ ಒಂದು ಊಟದ ನಂತರ ದ್ವಾದಶಿಯ ಸೂರ್ಯೋದಯದವರೆಗೆ ಒಂದು ಹನಿ ನೀರಿಲ್ಲ. ಐವತ್ತು ವರ್ಷ ಏಕಾದಶಿ ಮಾಡಿದ ದೇಹ. ಉಪವಾಸದಲ್ಲಿಯೇ ತಿರುಪತಿಯ ಮೆಟ್ಟಿಲು ಹತ್ತಿದವನೆಂಬ ಒಂದು ಹಮ್ಮು ನನ್ನಲ್ಲಿತ್ತು. ಅದನ್ನು ನಾನು ಭಕ್ತಿಯೆಂದೇ ತಿಳಿದಿದ್ದೆ. ಏಕಾದಶಿ ಮಾಡುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಂಕಲ್ಪವನ್ನು ಮಾತ್ರ ಯಾರಿಗೂ ತಿಳಿಸಲಿಲ್ಲ. ಆಗಸ್ಟಿನ ಮೊದಲ ವಾರ ಇಲ್ಲಿಗೆ ಬಂದಿಳಿದೆ.

ಬಂದ ಹದಿನೈದು ದಿನಕ್ಕೆ ಕಾರ್ಖಾನೆಯಲ್ಲಿ ಅವಳ ಕಣ್ಣಿನ ವಾರ್ಷಿಕ ಪರೀಕ್ಷೆ ನಡೆಯಿತು. ಬಣ್ಣದ ಸಣ್ಣ ಬಿಲ್ಲೆಗಳನ್ನು ಛಾಯೆಯ ಕ್ರಮದಲ್ಲಿ ಒಂದರ ಪಕ್ಕ ಒಂದು ಜೋಡಿಸಬೇಕು. ಹನ್ನೊಂದು ವರ್ಷ ಒಂದು ಬಿಲ್ಲೆಯನ್ನೂ ತಪ್ಪದವಳು ಆ ದಿನ ನೀಲಿಯ ಸಾಲಿನಲ್ಲಿ ಹಸಿರನ್ನು ಇಟ್ಟುಬಂದಳು. ಮೇಲಧಿಕಾರಿಗಳು ಒಳ್ಳೆಯ ಮಾತುಗಳನ್ನಾಡಿ ಅವಳನ್ನು ಕಾಗದದ ಕೆಲಸಕ್ಕೆ ಹಾಕಿದರು. ಆ ಸಂಜೆ ಅವಳು ಬಾಲ್ಕನಿಯಲ್ಲಿ ಕುಳಿತು, ಮುಂದೆ ಹರವಿದ್ದ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನು ಹತ್ತಿರ ಕುಳಿತೆ.

"ನೀಲಿ ಹೋಗ್ಯದ ಅಪ್ಪಾ. ಹಳದಿ ಅರ್ಧ ಅದ. ಕೆಂಪು ಇನ್ನೂ ಪೂರಾ ನನ್ನ ಕಡೆನ ಅದ," ಎಂದಳು. ಒಂದು ಮೆಣಸಿನಕಾಯಿಯನ್ನು ಕಣ್ಣಿನ ನೇರಕ್ಕೆ ಹಿಡಿದಿದ್ದಳು. "ಇದ್ದಾಗ ಒಮ್ಮೆ ಕಣ್ತುಂಬ ನೋಡಿ ಬರ್ಬೇಕಂತ ಮಾಡೀನಿ. ನೀವೂ ಬರ್ರಿ. ನಾ ನೋಡ್ತೀನಿ, ನೀವು ಒಂದೊಂದಕ್ಕ ಹೆಸರು ಹೇಳ್ರಿ. ಮುಂದ ಹೆಸರು ಕೇಳಿದ್ರ ಬಣ್ಣ ನೆನಪಾಗಬೇಕು. ಸಂಖ್ಯಾ ಕೇಳಿದ್ರ ಏನೂ ನೆನಪಾಗಂಗಿಲ್ಲ ನನಗ."

ಅವಳು ಆರಿಸಿದ್ದ ಸ್ಥಳ ದಕ್ಷಿಣದ ಆಲ್ಪ್ಸ್ ಪರ್ವತಗಳಲ್ಲಿತ್ತು. ಎರಡು ಸಾವಿರ ಮೀಟರಿಗೂ ಮೇಲೆ, ಎರಡು ಶಿಖರಗಳ ನಡುವೆ ಒಂದು ತಗ್ಗು. ನಮ್ಮ ಸೀಮೆಯಲ್ಲಿ ಅದನ್ನು ಖಿಂಡಿ ಎನ್ನುತ್ತೇವೆ. ಆ ಖಿಂಡಿಯ ಆಚೆ ಬಟ್ಟಲಿನಂಥ ಕಣಿವೆ. ಅದರ ಬಂಡೆಯೇ ಕೆಂಪು. ಬಂಡೆಯ ಕೆಳಗೆ ಮೊಣಕಾಲೆತ್ತರದ ಒಂದು ಪೊದೆ ಹಬ್ಬಿದೆಯಂತೆ. ಅದರ ಎಲೆ ಅಕ್ಟೋಬರಿನಲ್ಲಿ ರಕ್ತವರ್ಣಕ್ಕೆ ತಿರುಗುತ್ತದೆ. ಅದರ ಕೆಳಗೆ ಸೂಜಿಯೆಲೆ ಉದುರಿಸುವ ಮರಗಳು, ಅವು ಆಗ ಬಂಗಾರದ ಬಣ್ಣಕ್ಕಿರುತ್ತವೆ. ಹತ್ತು ಹನ್ನೆರಡು ದಿನ ಅಷ್ಟೆ. ಮೊದಲ ಹಿಮ ಬಿದ್ದರೆ ಮುಗಿಯಿತು. ಆ ಬೆಟ್ಟಕ್ಕೆ ಜನರನ್ನು ಕರೆದೊಯ್ಯುವ ಮಾರ್ಗದರ್ಶಿ ಉರ್ಸುಲಾ ಎಂಬ ಐವತ್ತೈದರ ಆಸುಪಾಸಿನ ಹೆಂಗಸು. ಸುಮಿತ್ರಾ ಅವಳಿಗೆ ತನ್ನ ಕಣ್ಣಿನ ಸ್ಥಿತಿಯನ್ನು ಮುಚ್ಚಿಡದೆ ಬರೆದಳು. ಉರ್ಸುಲಾ ಎರಡು ದಿನ ಯೋಚಿಸಿ ಒಪ್ಪಿದಳು, ಆದರೆ ಒಂದು ಶನಿವಾರವನ್ನು ಮಾತ್ರ ಕೊಟ್ಟಳು. ಉಳಿದ ದಿನಗಳೆಲ್ಲ ಮೊದಲೇ ಬೇರೆಯವರಿಗೆ ನಿಗದಿಯಾಗಿಹೋಗಿದ್ದವು.

ಸುಮಿತ್ರಾ ಕಾಗದದ ಮೇಲೆ ಒಪ್ಪಿಗೆ ಕಳಿಸುವ ಮೊದಲು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಊರಿನ ಕ್ಯಾಲೆಂಡರನ್ನು ಗಂಡನ ಕೈಯಿಂದ ಓದಿಸಿದಳು. ಅಳಿಯ ಜಯತೀರ್ಥ, ವಿಜಯಪುರದ ಕಡೆಯವನು, ಅದೇ ಕಾರ್ಖಾನೆಯಲ್ಲಿ ಬೇರೆ ವಿಭಾಗದಲ್ಲಿದ್ದಾನೆ. ಅವನು ಬೆರಳಿಟ್ಟು ನೋಡಿ, ಏಕಾದಶಿ ಭಾನುವಾರ ಬಂದಿದೆ, ಶನಿವಾರ ದಶಮಿ, ಮಾಮಾಗೆ ತೊಂದರೆಯಿಲ್ಲ ಎಂದ. ನನ್ನ ವ್ರತಕ್ಕೆ ಅಡ್ಡಬರದ ದಿನವನ್ನೇ ಅವರು ನೋಡಿ ಆರಿಸಿದ್ದರು.

ನಾನು ಅಂದು ಸಂಜೆ ಸುಮ್ಮನೆ ಗಣಿತ ಮಾಡಿ ನೋಡಿದೆ. ಇಲ್ಲಿಯ ಸೂರ್ಯೋದಯ ಧಾರವಾಡದ್ದಕ್ಕಿಂತ ನಾಲ್ಕೈದು ತಾಸು ತಡ. ಆ ಶನಿವಾರ ಧಾರವಾಡದಲ್ಲಿ ಸೂರ್ಯ ಹುಟ್ಟುವಾಗ ದಶಮಿ ಇನ್ನೂ ಉಳಿದಿರುತ್ತದೆ. ಈ ನಾಡಿನಲ್ಲಿ ಅರುಣೋದಯಕ್ಕೂ ಮೊದಲೇ ದಶಮಿ ತೀರಿ ಏಕಾದಶಿ ಕೂತಿರುತ್ತದೆ. ಅದುವರೆಗೆ ಇಲ್ಲಿ ಮಾಡಿದ ಏಕಾದಶಿಗಳು ಊರಿನ ಪಂಚಾಂಗಕ್ಕೆ ಹೊಂದಿಯೇ ಬಂದಿದ್ದವು. ಇದೊಂದು ಮಾತ್ರ ಒಂದು ದಿನ ಹಿಂದೆ ಸರಿದು, ಬೆಟ್ಟ ಹತ್ತುವ ಶನಿವಾರವೇ ನನ್ನ ನಿರ್ಜಲದ ದಿನವಾಗಿತ್ತು. ಎರಡು ಸಲ ಲೆಕ್ಕ ತಾಳೆ ನೋಡಿದೆ. ಸಂದೇಹವಿರಲಿಲ್ಲ.

ಆಗಲೇ ಹೇಳಿಬಿಡಬಹುದಿತ್ತು. ನೀವು ಹೋಗಿಬನ್ನಿರೆಂದು ನಾನು ಮನೆಯಲ್ಲಿ ಉಳಿಯಬಹುದಿತ್ತು. ಹೆಸರು ಹೇಳಬೇಕಾದವನು ನಾನೆಂಬುದು ಅಡ್ಡಬಂದಿತು. ಊರಿನ ಪಂಚಾಂಗವನ್ನೇ ಹಿಡಿದು ಶನಿವಾರ ಉಣ್ಣಬಹುದಿತ್ತು. ಇಷ್ಟು ದಿನ ಮಗಳ ಕಣ್ಣಿಗಾಗಿ ಕಾಯ್ದುಕೊಂಡು ಬಂದ ಸಂಕಲ್ಪ ಅವಳಿಗಾಗಿಯೇ ಮುರಿದರೆ, ಆ ದೋಷ ಅವಳ ಕಣ್ಣಿಗೇ ತಟ್ಟೀತೆಂಬ ಭಯ ಅಡ್ಡಬಂದಿತು. ಹೀಗಾಗಿ ಏನನ್ನೂ ಹೇಳದೆ ಎರಡನ್ನೂ ಸಾಧಿಸಿಯೇನೆಂದುಕೊಂಡೆ.

ಶುಕ್ರವಾರ ಸಂಜೆ ಬೆಳಕಿರುವಾಗಲೇ ಬೆಟ್ಟದ ಬುಡದ ಹಳ್ಳಿಯನ್ನು ಸೇರಿ ಒಂದು ಅತಿಥಿಗೃಹದಲ್ಲಿ ಇಳಿದೆವು. ನಮ್ಮೊಡನೆ ಜಯತೀರ್ಥನ ಗೆಳೆಯ ಪ್ರಶಾಂತನೂ ಬಂದಿದ್ದ. ಮೈಸೂರಿನ ಹುಡುಗ, ಸಾಫ್ಟ್‌ವೇರಿನವನು, ನ್ಯೂರೆಂಬರ್ಗಿನಿಂದ ರೈಲಿನಲ್ಲಿ ಬಂದು ಕೂಡಿಕೊಂಡ. ನಮ್ಮ ಕಡೆ ಅಜ್ಜ ಎನ್ನುವುದನ್ನು ಅವನು ತಾತ ಎನ್ನುತ್ತಿದ್ದ. ಎರಡೇ ದಿನದಲ್ಲಿ ನನಗೂ ಅದು ಹಿಡಿಸಿತು. ರಾತ್ರಿಯ ಊಟವನ್ನು ಪ್ರಯಾಣದ ದಣಿವಿನ ನೆಪದಿಂದ ಬಿಟ್ಟೆ. ಬೆಳಗ್ಗೆ ಸುಮಿತ್ರಾ ನನ್ನ ಡಬ್ಬಿಯನ್ನು ಕೋಣೆಗೆ ತಂದುಕೊಟ್ಟಳು: ನಾಲ್ಕು ಧಪಾಟಿ, ಶೇಂಗಾ ಹಿಂಡಿ, ಒಂದಿಷ್ಟು ಬೆಲ್ಲ. ನಾನು ಒಬ್ಬನೇ ಉಣ್ಣುವವನಾದ್ದರಿಂದ ಅವಳು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಸಂಧ್ಯಾವಂದನೆ ಮುಗಿಸಿ, ಮುಚ್ಚಳವನ್ನೂ ತೆಗೆಯದೆ, ಡಬ್ಬಿಯನ್ನು ಚೀಲದ ತಳದಲ್ಲಿ ಶಾಲಿನ ಕೆಳಗೆ ಇಟ್ಟೆ.

ತಂತಿಗೆ ತೂಗಿಕೊಂಡು ಬೆಟ್ಟವೇರುವ ಡಬ್ಬಿಯಂಥ ಗಾಡಿಗೆ ಇಲ್ಲಿ ಗೊಂಡೊಲಾ ಎನ್ನುತ್ತಾರೆ; ಅದನ್ನು ಹತ್ತುವಲ್ಲಿ ಉರ್ಸುಲಾ ಕಾದಿದ್ದಳು. ಬಿಸಿಲಿಗೆ ತೊಗಲು ಗಟ್ಟಿಯಾದ ಮುಖ, ಕಡಿಮೆ ಮಾತು. ನಾಲ್ವರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಅವೇ ಪ್ರಶ್ನೆಗಳನ್ನು ಕೇಳಿದಳು: ಹೃದಯದ ತೊಂದರೆ ಇದೆಯೇ, ಔಷಧವೇನು, ನಿದ್ರೆಯಾಯಿತೇ, ಬೆಳಗ್ಗೆ ತಿಂದಿರಾ, ನೀರು ಕುಡಿದಿರಾ. ನನ್ನ ಸರದಿ ಬಂದಾಗ ನಾನು ಎಲ್ಲದಕ್ಕೂ ಸರಿಯಾದ ಉತ್ತರವನ್ನೇ ಕೊಟ್ಟೆ, ಕೊನೆಯ ಎರಡರ ಹೊರತು. ಅವಕ್ಕೆ ತಲೆಯಾಡಿಸಿದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಸಂಸ್ಕೃತ ಕಲಿಸಿದ ನಾನು, ಸುಳ್ಳನ್ನು ಮಾತಿನಲ್ಲಿ ಆಡಲಿಲ್ಲವೆಂಬ ಸಮಾಧಾನವನ್ನು ಆಗ ಮಾಡಿಕೊಂಡೆ.

ಪ್ರಶಾಂತ ಆ ಹೊತ್ತಿಗೆ ಜಯತೀರ್ಥನ ಹೊಸ ಬೂಟುಗಳನ್ನು ಹಿಡಿದುಕೊಂಡಿದ್ದ. "ಏನ್ ಜಯಣ್ಣ, ಗೃಹಪ್ರವೇಶಕ್ಕೆ ತಗೊಂಡಿದ್ದಾ ಈ ಶೂನ? ಒಂದ್ ಗೀರೂ ಇಲ್ವಲ್ಲ."

"ನೀ ಮೊದ್ಲ ನಿನ್ನ ಉಸಿರು ನೋಡ್ಕೋ," ಎಂದ ಜಯತೀರ್ಥ. "ಪಾರ್ಕಿಂಗ್‌ದಿಂದ ಇಲ್ಲೀ ತನಕ ಬರೋದ್ರಾಗ ಮೂರು ಸಲ ಕೂತಿ."

ಸುಮಿತ್ರಾ ನಕ್ಕಳು. ಬಹಳ ದಿನಗಳ ಮೇಲೆ ಅವಳು ಹಾಗೆ ನಕ್ಕದ್ದನ್ನು ಕೇಳಿದೆ.

ಗೊಂಡೊಲಾ ನಮ್ಮನ್ನು ಬೆಟ್ಟದ ನಡುಮಟ್ಟಕ್ಕೆ ಬಿಟ್ಟಿತು. ಅಲ್ಲಿಂದ ನಡಿಗೆ. ಉರ್ಸುಲಾ ತನ್ನ ಬೆನ್ನುಚೀಲಕ್ಕೆ ಒಂದು ಗಿಡ್ಡ ಹಗ್ಗದ ಕುಣಿಕೆ ಕಟ್ಟಿ ಅದನ್ನು ಸುಮಿತ್ರಾಳ ಕೈಗೆ ಕೊಟ್ಟಳು. ಮುಂದೆ ನಡೆಯುತ್ತ ಕಾಲಿಗೆ ಬರುವುದನ್ನು ಒಂದೊಂದೇ ಶಬ್ದದಲ್ಲಿ ಹೇಳುತ್ತಿದ್ದಳು: ಕಲ್ಲಿದ್ದರೆ 'ಶ್ಟೈನ್', ಮೆಟ್ಟಿಲಿದ್ದರೆ 'ಶ್ಟೂಫ', ಎಡಕ್ಕಾದರೆ 'ಲಿಂಕ್ಸ್'. ಸುಮಿತ್ರಾ ಪ್ರತಿಯೊಂದನ್ನೂ ಅವಳ ಹಿಂದೆ ಉಚ್ಚರಿಸಿ ಹೆಜ್ಜೆಯಿಡುತ್ತಿದ್ದಳು. ವೇದಪಾಠದಲ್ಲಿ ಗುರು ಹೇಳಿದ್ದನ್ನು ಶಿಷ್ಯ ಹಿಂದೆ ಹೇಳುವ ಕ್ರಮ ನನಗೆ ನೆನಪಾಗಿ ಮನಸ್ಸು ತುಂಬಿಬಂದಿತು. ಆಕಾಶ ನಿಚ್ಚಳವಾಗಿತ್ತು. ಗಾಳಿಯಲ್ಲಿ ಪೈನ್ ಮರದ ರಾಳದ ಪರಿಮಳ. ದೂರದ ಇಳುಕಲಿನಿಂದ ಹಸುಗಳ ಕೊರಳ ಗಂಟೆ. ಸಂಕಲ್ಪವೂ ನಡೆಯುತ್ತಿದೆ, ಮಗಳೂ ನಡೆಯುತ್ತಿದ್ದಾಳೆ, ಹರಿ ಎರಡನ್ನೂ ಒಪ್ಪಿದ್ದಾನೆ ಎಂದುಕೊಂಡೆ. ಆ ವರ್ಷ ನಾನು ಕಂಡ ನಿಶ್ಚಿಂತೆಯ ಗಂಟೆ ಅದೊಂದೇ.

ಹನ್ನೊಂದರ ಸುಮಾರಿಗೆ ಒಂದು ಹ್ಯುಟ್ಟೆ ಸಿಕ್ಕಿತು. ಬೆಟ್ಟ ಹತ್ತುವವರು ಕುಳಿತು ಉಂಡು ಹೋಗುವ ಮರದ ಮನೆಗೆ ಇಲ್ಲಿಯವರು ಹಾಗೆನ್ನುತ್ತಾರೆ. ಎಲ್ಲರೂ ಕುಳಿತು ಬುತ್ತಿ ಬಿಚ್ಚಿದರು. ಉರ್ಸುಲಾ ನನ್ನ ಮುಖವನ್ನು ಒಂದೆರಡು ಸಲ ನೋಡಿದಳು. ಸಕ್ಕರೆ ಹಾಕಿದ ಬಿಸಿ ಚಹಾದ ಲೋಟವನ್ನು ತಂದು ನನ್ನ ಮುಂದಿಟ್ಟು, ಇದನ್ನು ಕುಡಿದರೆ ನನಗೆ ಸಮಾಧಾನ ಎಂದಳು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆಮೇಲೆ ಕುಡಿಯುತ್ತೇನೆಂದೆ. ಅವಳು ಅತ್ತ ತಿರುಗಿದಾಗ ಲೋಟವನ್ನು ಪ್ರಶಾಂತನ ಕಡೆಗೆ ಸರಿಸಿದೆ. ನನ್ನದು ಆಗಲೇ ಆಗಿದೆ ಎಂದು ತಿಳಿದು ಅವನು ಕುಡಿದುಬಿಟ್ಟ.

ಈ ಬರಹದಲ್ಲಿ ನಾನು ತಡೆದು ನಿಲ್ಲುವ ಸ್ಥಳ ಇದೇ. ಅಂದು ಬಿದ್ದ ಜಾಗಕ್ಕಿಂತ ಆ ಲೋಟ ನನಗೆ ಹೆಚ್ಚು ಸಲ ಕಣ್ಣಿಗೆ ಬರುತ್ತದೆ. ಅಂಚಿನಲ್ಲಿ ನೀಲಿ ಗೆರೆಯಿದ್ದ ದಪ್ಪ ಪಿಂಗಾಣಿಯ ಲೋಟ. ಅದನ್ನು ಎತ್ತಿದ್ದರೆ ಉಳಿದದ್ದೆಲ್ಲ ಬೇರೆಯಾಗುತ್ತಿತ್ತು.

ಹ್ಯುಟ್ಟೆಯ ಮೇಲಿನ ದಾರಿ ಕಡಿದು, ಸಡಿಲು ಜಲ್ಲಿಯದು. ಈಚೆ ಮಗ್ಗುಲಿನಲ್ಲಿ ನೋಡುವುದಕ್ಕೇನೂ ಇಲ್ಲ: ಬೂದು ಕಲ್ಲು, ಬೆಳ್ಳಗಾದ ಹುಲ್ಲು. ಉರ್ಸುಲಾ ಕೋಲೆತ್ತಿ ಮೇಲೆ ತೋರಿಸಿ, ಆ ಖಿಂಡಿಗೆ ಇನ್ನು ಅರ್ಧ ಗಂಟೆ, ನಿಂತ ಕೂಡಲೇ ಎಲ್ಲವೂ ಒಮ್ಮೆಗೇ ಕಾಣುತ್ತದೆ, ಆದರೆ ಎರಡು ಗಂಟೆಗೆ ಕಣಿವೆಯಿಂದ ಮಂಜು ಏಳುತ್ತದೆ, ತಡಮಾಡುವಂತಿಲ್ಲ ಎಂದಳು. ಸುಮಿತ್ರಾ ಹಿಂದಕ್ಕೆ ತಿರುಗಿ ನನ್ನ ಹೆಜ್ಜೆಯ ಸದ್ದು ಬಂದ ದಿಕ್ಕಿಗೆ ಕೇಳಿದಳು: "ಅಪ್ಪಾ, ಹೆಸರು ತಯಾರದಾವೇನು?"

ತಯಾರಿವೆ ಎಂದೆ. ಅದು ನಾನು ಬೀಳುವ ಮೊದಲು ಆಡಿದ ಕೊನೆಯ ಮಾತು. ಅಲ್ಲಿಂದ ಹತ್ತು ಹೆಜ್ಜೆಗೆ ಬೂದು ಕಲ್ಲು ಕಪ್ಪಾಯಿತು. ಕೂರಬೇಕೆಂದುಕೊಂಡದ್ದು ನೆನಪಿದೆ, ಕೂತದ್ದು ನೆನಪಿಲ್ಲ.

ಕಣ್ಣು ತೆರೆದಾಗ ಜಲ್ಲಿಯ ಮೇಲೆ ಮಲಗಿದ್ದೆ. ಕಾಲುಗಳನ್ನು ಪ್ರಶಾಂತ ತನ್ನ ಹೆಗಲಿಗೆ ಎತ್ತಿ ಹಿಡಿದುಕೊಂಡಿದ್ದ. ಹಣೆಯಿಂದ ರಕ್ತ ಬರುತ್ತಿತ್ತು. ಉರ್ಸುಲಾ ನನ್ನ ನಾಡಿ ಹಿಡಿದುಕೊಂಡೇ, ಇವರ ಔಷಧ ಏನಿದೆ ನೋಡಿ ಎಂದು ಹೇಳಿದಳು. ಜಯತೀರ್ಥ ನನ್ನ ಚೀಲವನ್ನು ಕಲ್ಲಿನ ಮೇಲೆ ಸುರುವಿದ. ಶಾಲು ಬಿತ್ತು, ಜಪಮಣಿ ಬಿತ್ತು, ಡಬ್ಬಿ ಬಿತ್ತು. ಉರುಳಿದ ಸದ್ದಿಗೆ ಸುಮಿತ್ರಾ ಕೈಚಾಚಿ ಹುಡುಕಿ ಅದನ್ನು ಹಿಡಿದಳು. ಅಂಗೈಯಲ್ಲಿ ಎತ್ತಿ ತೂಕ ನೋಡಿದಳು.

"ಡಬ್ಬಿ ತುಂಬೇದ," ಎಂದಳು. ಮುಚ್ಚಳದ ಮೇಲೆ ಬೆರಳಾಡಿಸಿ, "ಅಪ್ಪಾ, ಇವತ್ತು ತಿಥಿ ಯಾವುದು?"

ಅವಳಿಗೆ ಉತ್ತರ ಬೇಕಾಗಿರಲಿಲ್ಲ. ಜಯತೀರ್ಥ ಮುಖ ತಿರುಗಿಸಿದ. ಉರ್ಸುಲಾಗೆ ಇದರ ಅರ್ಥವನ್ನು ಅವನೇ ಬಿಡಿಸಿ ಹೇಳಿದ. ಅವಳು ಕೇಳಿಕೊಂಡು, ನನ್ನನ್ನು ಗದರಲಿಲ್ಲ. ಬೆಳಗ್ಗೆ ನಾನು ಕೇಳಿದ್ದೆ ಎಂದಷ್ಟೆ ಅಂದಳು.

ಥರ್ಮಾಸಿನ ಚಹಾವನ್ನು ನನಗೆ ಕುಡಿಸಿದವಳು ಸುಮಿತ್ರಾ. ಲೋಟದ ಅಂಚು ಅವಳ ನೋಟದ ಹೊರಗೆ ಬಿದ್ದು, ಮೊದಲ ಸಲ ಚಹಾ ನನ್ನ ಗಲ್ಲದ ಮೇಲೂ ಶಾಲಿನ ಮೇಲೂ ಚೆಲ್ಲಿತು. ಎರಡನೆಯ ಸಲ ಎಡಗೈ ಬೆರಳಿನಿಂದ ನನ್ನ ತುಟಿಯನ್ನು ಹುಡುಕಿ ಅಲ್ಲಿಗೆ ಲೋಟ ತಂದಳು. ನಾನು ಕುಡಿದೆ. ಸಂಕಲ್ಪ ಅಲ್ಲಿಗೆ ಮುರಿಯಿತು. ಒಂದು ಗಂಟೆ ಮೊದಲು ಮುರಿದಿದ್ದರೆ ಅದಕ್ಕೊಂದು ಉಪಯೋಗವಾದರೂ ಇರುತ್ತಿತ್ತು.

ಮುಂದಿನ ಮಾತುಕತೆಯನ್ನು ನಾನು ಮಲಗಿಕೊಂಡೇ ಕೇಳಿದೆ. ಮಾವನ ಹತ್ತಿರ ಪ್ರಶಾಂತ ಇರಲಿ, ನಾವು ಮೂವರು ಮೇಲೆ ಮುಟ್ಟಿ ಬರೋಣವೆಂದು ಜಯತೀರ್ಥ ಕೇಳಿದ. ಪ್ರಜ್ಞೆ ತಪ್ಪಿ ತಲೆಗೆ ಪೆಟ್ಟಾದ ಮುದುಕನನ್ನು ಬಿಟ್ಟು ತಾನು ಮೇಲೆ ಹೋಗಲಾರೆನೆಂದು ಉರ್ಸುಲಾ ಹೇಳಿದಳು. ಹಾಗಾದರೆ ಗಂಡಹೆಂಡಿರಿಬ್ಬರೇ ಹೋಗಿಬರುವುದೋ? ಅದಕ್ಕೂ ಅವಳು ಒಪ್ಪಲಿಲ್ಲ. ಖಿಂಡಿಯ ತುದಿಯಲ್ಲಿ ಒಂದು ಕಡೆ ಪ್ರಪಾತವಿದೆ. ಅಂಚು ಕಾಣದವರನ್ನು ತನ್ನ ಹಗ್ಗವಿಲ್ಲದೆ ಅಲ್ಲಿಗೆ ಕಳಿಸುವುದಿಲ್ಲ. ಪ್ರಶಾಂತ ತಾನೊಬ್ಬನೇ ಓಡಿಹೋಗಿ ಫೋನಿನಲ್ಲಿ ತೆಗೆದುಕೊಂಡು ಬರುತ್ತೇನೆಂದ. "ಹತ್ತೇ ನಿಮಿಷ ಅಕ್ಕ, ಹೋದೆ ಬಂದೆ."

"ಬ್ಯಾಡ ಪ್ರಶಾಂತ," ಎಂದಳು ಸುಮಿತ್ರಾ. "ಅದು ಬ್ಯಾರೆ."

ಆಮೇಲೆ ಅವಳು ಎದ್ದು, ಖಿಂಡಿಯ ಕಡೆಗೆ ಮುಖ ಮಾಡಿ ನಿಂತಳು. ಅಲ್ಲಿ ಬೂದು ಕಲ್ಲು, ಮೇಲೆ ಆಕಾಶ. ಅವಳ ನೋಟ ಆಗ ಒಂದು ಕೊಳವೆಯೊಳಗಿಂದ ನೋಡಿದಷ್ಟಿತ್ತು. ಆ ಕೊಳವೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮೆಲ್ಲನೆ ಹಾಯಿಸಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೆಂದು ಹೇಳಲಾರೆ. ಉರ್ಸುಲಾ ಗಡಿಯಾರ ನೋಡಿದಳು, ಆದರೆ ಅವಳನ್ನು ಕರೆಯಲಿಲ್ಲ.

ಇಳಿಯುವಾಗ ಉರ್ಸುಲಾಳ ಹೆಗಲು ನನಗೆ ಬೇಕಾಯಿತು. ಆದ್ದರಿಂದ ಹಗ್ಗದ ಕುಣಿಕೆ ಜಯತೀರ್ಥನ ಚೀಲಕ್ಕೆ ಹೋಯಿತು. ಶ್ಟೈನ್, ಶ್ಟೂಫ ಎಂದು ಅವನೂ ಹೇಳುತ್ತಿದ್ದ. ಅಭ್ಯಾಸವಿಲ್ಲದವನು, ಕಲ್ಲು ದಾಟಿದ ಮೇಲೆ ಹೇಳುತ್ತಿದ್ದ. ಒಂದು ಕಡೆ ಅವಳು ಮುಗ್ಗರಿಸಿ ಮೊಣಕಾಲು ಒಡೆದುಕೊಂಡಳು. "ನಿಂದು ಪೋಸ್ಟ್ ತಡಾ ಬರ್ತದ ನೋಡು," ಎಂದು ಗಂಡನಿಗೆ ಅಂದು ತಾನೇ ಎದ್ದಳು. ಯಾರೂ ನಗಲಿಲ್ಲ. ಹ್ಯುಟ್ಟೆಯವರು ತಮ್ಮ ಗಾಡಿಯಲ್ಲಿ ನಮ್ಮನ್ನು ಗೊಂಡೊಲಾದವರೆಗೆ ಮುಟ್ಟಿಸಿದರು. ಉರ್ಸುಲಾ ಹೇಳಿದ ಹೊತ್ತಿಗೇ ಮಂಜು ಎದ್ದಿತು. ಕೆಳಗಿನಿಂದ ತಿರುಗಿ ನೋಡಿದರೆ ಬೆಟ್ಟವೇ ಇರಲಿಲ್ಲ.

ಮುಂದಿನ ಬುಧವಾರ ಮೇಲೆ ಹಿಮ ಬಿದ್ದಿತೆಂದು ಉರ್ಸುಲಾ ಬರೆದಳು. ಬರುವ ವರ್ಷದ ಅಕ್ಟೋಬರಿನ ಮೊದಲ ಶನಿವಾರವನ್ನು ಸುಮಿತ್ರಾಳ ಹೆಸರಿನಲ್ಲಿ ಇಟ್ಟಿರುತ್ತೇನೆಂದೂ ಬರೆದಿದ್ದಳು. ನಾನು ತಿಂಗಳ ಕೊನೆಗೆ ವೀಸಾದ ಅವಧಿ ತೀರಿ ಊರಿಗೆ ಹೊರಟೆ. ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರಿನಲ್ಲಿ ಅವಳಿಗೆ ಸಂಕಲ್ಪದ ವಿಷಯವನ್ನೆಲ್ಲ ಹೇಳಿದೆ. ಅವಳು ಕಾರಿನ ಕಿಟಕಿಯತ್ತ ಮುಖ ತಿರುಗಿಸಿ, "ನನ್ನ ಕೇಳಬೇಕಿತ್ರಿ ಅಪ್ಪಾ. ನಾ ಏನು ಬೇಡ್ತಿದ್ದೆ ಅಂತ ಒಮ್ಮೆ ಕೇಳಬೇಕಿತ್ತು," ಎಂದಳು. ಅಂದಿನಿಂದ ನಾನು ದೇವರ ಎದುರು ಅವಳ ಪರವಾಗಿ ಏನನ್ನೂ ಬೇಡಿಲ್ಲ. ಅವಳು ಬೇಡುತ್ತಿದ್ದುದು ನನಗೆ ಗೊತ್ತಿತ್ತು. ಅದು ಅರ್ಧ ಗಂಟೆಯ ದಾರಿಯಲ್ಲಿತ್ತು.

ಹಳದಿ ಆ ಚಳಿಗಾಲದಲ್ಲಿ ಹೋಯಿತು. ಕೆಂಪು ಮೇ ತಿಂಗಳವರೆಗೆ ಉಳಿದಿತ್ತೆಂದು ಜಯತೀರ್ಥ ಹೇಳಿದ. ಆಮೇಲೆ ಒಂದು ಬೆಳಗ್ಗೆ ಅವಳು ಟೊಮ್ಯಾಟೊ ಹೆಚ್ಚುತ್ತ, ಇದು ಹಣ್ಣಾಗಿದೆಯೋ ಇಲ್ಲವೋ ಎಂದು ಕೇಳಿದಳಂತೆ. ಉರ್ಸುಲಾಳ ಶನಿವಾರಕ್ಕೆ ಅವಳು ಹೋಗಲಿಲ್ಲ. ಪ್ರಶಾಂತ ಹೋದ. ಅವನು ತಂದ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿ ತೋರಿಸಿದಾಗ ಅವಳು ಹತ್ತಿರ ಕುಳಿತು ನೋಡಿ, ಚಲೋ ಬಂದದ, ಎಂದಳಂತೆ. ಎಲ್ಲವೂ ಅವಳಿಗೆ ಬೂದಿಯ ಬಣ್ಣ.

ಈಗ ಮತ್ತೆ ಆಶ್ವಯುಜ. ಈ ಸಲ ಬಂದಾಗ ಅವಳಿಗೆ ಕಿಟಕಿ ಯಾವ ಕಡೆ ಇದೆಯೆಂಬಷ್ಟು ಬೆಳಕು ಮಾತ್ರ ತಿಳಿಯುತ್ತದೆ. ಹಾಲ್‌ನಿಂದ ಅಡುಗೆಮನೆಗೆ ಹೋಗುವಲ್ಲಿ ಒಂದು ಮೆಟ್ಟಿಲಿದೆ. ಅಲ್ಲಿಗೆ ಬಂದಾಗಲೆಲ್ಲ ಮೆಲ್ಲಗೆ 'ಶ್ಟೂಫ' ಎಂದುಕೊಂಡು ಕಾಲಿಡುತ್ತಾಳೆ. ದಿನಾ ಬೆಳಗ್ಗೆ ನನ್ನನ್ನು ಇವತ್ತು ತಿಥಿ ಯಾವುದೆಂದು ಕೇಳುತ್ತಾಳೆ. ಏಕಾದಶಿಯಿದ್ದರೆ ಇದೆ ಎನ್ನುತ್ತೇನೆ, ಅವಳೆದುರಿಗೆ ಒಂದು ಲೋಟ ಹಾಲು ಕುಡಿಯುತ್ತೇನೆ.

ಇಂದು ಧಪಾಟಿ ಮುಗಿಸಿ ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕುಳಿತಳು. ಹೊರಗೆ ಇಲ್ಲಿಯ ಮರಗಳೂ ಬಣ್ಣ ತಿರುಗಿವೆ. ಅದನ್ನು ನಾನು ಹೇಳಿರಲಿಲ್ಲ. ಅವಳೇ ಕೇಳಿದಳು: "ಅಪ್ಪಾ, ಪಾಟಲ ಅಂದ್ರ ಯಾವುದ್ರಿ? ಶೋಣಕ್ಕೂ ಅದಕ್ಕೂ ಏನು ಫರಕು? ನೆನಪಾಗವಲ್ದು."

ಪಾಟಲ ಬಿಳಿ ಬೆರೆತ ಕೆಂಪು, ಶೋಣ ಕೆಂದಾವರೆಯ ಕೆಂಪು ಎಂದು ನಾನು ಕೋಶದ ಅರ್ಥವನ್ನು ಹೇಳಿದೆ. ಅದು ಸಾಲದೆಂದು ನನಗೂ ತಿಳಿಯಿತು. ಖಿಂಡಿಯ ಆಚೆಯ ಬಂಡೆ ಪಾಟಲವಿದ್ದೀತು, ಅದರ ಕೆಳಗಿನ ಎಲೆ ಶೋಣಕ್ಕೆ ತಿರುಗಿದ್ದೀತು, ಮರಗಳು ಪಿಶಂಗ, ಎಂದು ತೊಡಗಿದೆ.

ಅವಳು ನನ್ನ ಮೊಣಕೈ ಮೇಲೆ ಕೈಯಿಟ್ಟಳು.

"ಬ್ಯಾಡ್ರಿ ಅಪ್ಪಾ. ನೀವೂ ನೋಡಿಲ್ಲ."

ಆಮೇಲೆ ಎದ್ದು ಡಬ್ಬಿಯನ್ನು ತಂದುಕೊಟ್ಟು, ಆರಿಹೋಗುವ ಮೊದಲು ಉಣ್ಣಬೇಕೆಂದು ಹೇಳಿ ಹೋದಳು. ನಾನು ಉಂಡೆ. ನಾಲ್ಕನ್ನೂ ಉಂಡೆ.

ಹಗ್ಗದ ಕುಣಿಕೆಯನ್ನು ಕಟ್ಟಿದ ಉರ್ಸುಲಾಳ ಮೊಣಕಾಲುಗಳು ಇನ್ನೂ ಬಹುಕಾಲ ಬೆಟ್ಟ ಹತ್ತಲಿ. ಅವಳ ಹಿಂದೆ ನಡೆಯುವವರು ಅವಳಿಗೆ ನಿಜವನ್ನೇ ಹೇಳಲಿ. ನನ್ನ ಕಾಲುಗಳನ್ನು ಹೆಗಲಿಗೆ ಹೊತ್ತ ಪ್ರಶಾಂತನಿಗೆ ಒಳ್ಳೆಯ ಮನೆ, ಒಳ್ಳೆಯ ಸಂಗಾತಿ ದೊರೆಯಲಿ. ಗಾಡಿ ಕೊಟ್ಟ ಹ್ಯುಟ್ಟೆಯವರ ಒಲೆ ಆರದಿರಲಿ. ಹೇಳಬೇಕಾದ ಶಬ್ದವನ್ನು ಈಗ ಸರಿಯಾದ ಹೊತ್ತಿಗೇ ಹೇಳುವುದನ್ನು ಕಲಿತ ಜಯತೀರ್ಥನಿಗೆ ದೀರ್ಘಾಯುಸ್ಸಿರಲಿ. ನನ್ನ ಸುಮಿತ್ರಾಳ ಕಾಲಿನ ಕೆಳಗೆ ನೆಲ ಗಟ್ಟಿಯಾಗಿರಲಿ, ಅವಳ ಬೆರಳುಗಳು ಹುಡುಕಿದ್ದೆಲ್ಲ ಅವಕ್ಕೆ ಸಿಗಲಿ. ಆ ಶನಿವಾರ ಬೆಟ್ಟದ ಈಚೆ ಮಗ್ಗುಲಿನಲ್ಲಿ ನನ್ನೊಡನಿದ್ದ ಎಲ್ಲರಿಗೂ ಒಳ್ಳೆಯದಾಗಲಿ. ಇದನ್ನು ಅವರಿಗೆ ನಾನು ಹರಸುತ್ತಿದ್ದೇನೆ, ಹರಿಯಲ್ಲಿ ಬೇಡುತ್ತಿಲ್ಲ.